ತಾರಿಣಿಗೆ ಏಳು ತುಂಬಿದ್ದು

ನಮ್ಮ ಊರಿನ ಮಕ್ಕಳಿಗೆ ಬಿಟ್ಟುಹೋದದ್ದೆಲ್ಲ ಗೊತ್ತು, ಎದುರು ಬರುವುದು ಮಾತ್ರ ಗೊತ್ತಿಲ್ಲ. ಶಾಲೆಯಲ್ಲಿ ಮನುಷ್ಯರ ಚಿತ್ರ ಬರೆಯಿರಿ ಎಂದರೆ ಎಲ್ಲರೂ ಕೈ ಬೀಸುತ್ತ ನಿಂತವರನ್ನೇ ಬರೆಯುತ್ತಾರೆ. ಹನ್ನೆರಡು ತುಂಬುವ ತನಕ ಅವರು ಯಾವ ಗಾಡಿ ಹತ್ತಿದರೂ ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ, ಪಟ್ಟಿ ಬಿಗಿದುಕೊಂಡೇ ಕೂರಬೇಕು. ಮುಂದೆ ಕೂತು ಗಾಜಿನಲ್ಲಿ ರಸ್ತೆ ಬರುವುದನ್ನು ನೋಡಿದ ಮಗುವಿಗೆ ಕೂತಲ್ಲೇ ವಯಸ್ಸು ಬಂದುಬಿಡುತ್ತದೆ. ರಸ್ತೆ ಉದ್ದವಾದಷ್ಟೂ ಹೆಚ್ಚು, ಗಾಡಿ ಜೋರಾದಷ್ಟೂ ಹೆಚ್ಚು. ಪರವೂರಿನಲ್ಲಿ ಹುಟ್ಟಿದ ಮಕ್ಕಳಿಗೆ ಹೀಗೆಲ್ಲ ಆಗುವುದಿಲ್ಲವಂತೆ. ಅವರ ಪುಣ್ಯ.

ನಾನು ಸಾಕಮ್ಮ. ನನ್ನ ತಮ್ಮ ತಿಮ್ಮರಾಜು ಶಾಲೆಯ ವ್ಯಾನು ಓಡಿಸುತ್ತಾನೆ, ನಾನು ಅದರಲ್ಲಿ ಮಕ್ಕಳಿಗೆ ಪಟ್ಟಿ ಬಿಗಿಯುತ್ತೇನೆ. ಕೆಲಸ ಸುಲಭ ಎಂದುಕೊಂಡವರು ಒಂದು ದಿನ ಬಂದು ಮಾಡಿ ನೋಡಲಿ. ಒಬ್ಬನಿಗೆ ಹೊಟ್ಟೆ ಒತ್ತುತ್ತದೆ, ಒಬ್ಬಳ ಜಡೆ ಸಿಕ್ಕಿಕೊಳ್ಳುತ್ತದೆ, ಇನ್ನೊಬ್ಬ ಪಟ್ಟಿ ಬಿಗಿದ ಮೇಲೆಯೇ ಒಂದಕ್ಕೆ ಬಂತು ಎನ್ನುತ್ತಾನೆ. ಕತ್ತು ತಿರುಗಿಸಿ ಮುಂದೆ ನೋಡಲು ಹವಣಿಸುವ ತಲೆಹರಟೆಗಳೂ ಇರುತ್ತವೆ. ಅಂಥವರ ಕಿವಿ ಹಿಂಡಲು ನನಗೆ ಅಪ್ಪ ಅಮ್ಮಂದಿರ ಒಪ್ಪಿಗೆ ಇದೆ. ಒಪ್ಪಿಗೆ ಇಲ್ಲದಿದ್ದರೂ ಹಿಂಡುತ್ತಿದ್ದೆ.

ದೊಡ್ಡವರು ಕೂಡ ಸಾಚಾಗಳೇನಲ್ಲ. ಒಂದನೇ ತರಗತಿಗೆ ಸೇರಿಸಲು ಜೂನ್ ತಿಂಗಳಿಗೆ ಆರು ತುಂಬಿರಬೇಕು ಎಂಬ ನಿಯಮ ಬಂದಾಗ, ಒಂದೆರಡು ತಿಂಗಳು ಕಡಿಮೆ ಬಿದ್ದ ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಾರುಕಟ್ಟೆಯ ಒಂದು ಸುತ್ತು ಹಾಕಿಸಿ ತಂದವರು ಎಷ್ಟೋ ಜನ. ಹಂಚಿನ ಕಾರ್ಖಾನೆಯ ಪದ್ಮನಾಭಯ್ಯ ಹಾಗೆಯೇ ಮಗನನ್ನು ಕರೆದುಕೊಂಡು ಹೊರಟವನು ದಾರಿಯಲ್ಲಿ ಯಾರೋ ಸಿಕ್ಕಿ ಕಾರ್ಖಾನೆಯಲ್ಲಿ ಜಗಳ ಎಂದದ್ದೇ ತಡ, ಮಗ ಮುಂದೆ ನಿಂತಿರುವುದು ಮರೆತು ಸ್ಕೂಟರನ್ನು ಅಲ್ಲಿಗೇ ಬಿಟ್ಟ. ಆ ಹುಡುಗ ಒಂದನೇ ತರಗತಿಯ ಕೊನೆಯ ಬೆಂಚಿನಲ್ಲಿ, ಅಡಿಯಲ್ಲಿ ಕಾಲು ಹಿಡಿಸದೆ ಹೊರಗೆ ಚಾಚಿಕೊಂಡು ಅ ಆ ತಿದ್ದುತ್ತಿದ್ದುದನ್ನು ನೋಡಿ ಊರೆಲ್ಲ ನಕ್ಕಿತು. ನಾನೂ ನಕ್ಕೆ. ಅವನ ತಾಯಿ ಮಾತ್ರ ಮಧ್ಯಾಹ್ನ ಬಂದು, ತನ್ನ ಭುಜದ ಎತ್ತರ ಇದ್ದ ಮಗನಿಗೆ ಕೈತುತ್ತು ಹಾಕಿ ಹೋಗುತ್ತಿದ್ದಳು. ವಯಸ್ಸು ಬಂದರೂ ಆ ವಯಸ್ಸಿನೊಳಗೆ ಆಗಬೇಕಾದದ್ದು ಯಾವುದೂ ಜೊತೆಗೆ ಬರುವುದಿಲ್ಲ. ಬಿದ್ದು ಮಂಡಿ ಕೆತ್ತಿಸಿಕೊಂಡದ್ದು, ಹಲ್ಲು ಬಿದ್ದದ್ದು, ಅಜ್ಜಿಯ ಪಕ್ಕ ಮಲಗಿ ಕಥೆ ಕೇಳಿದ್ದು, ಎಲ್ಲ ಖಾಲಿ.

ನನ್ನ ತಮ್ಮನಿಗೆ ಒಬ್ಬಳೇ ಮಗಳು, ತಾರಿಣಿ. ಅವಳಿಗೆ ಐದು ತುಂಬಿದ ವರ್ಷ ಊರಿನ ಸೂಲಗಿತ್ತಿ ಅಜ್ಜಿ ತೀರಿಕೊಂಡಳು. ಆಮೇಲೆ ಆದ ಎರಡು ಹೆರಿಗೆಗಳಲ್ಲಿ ಒಂದರಲ್ಲಿ ಮಗು ಉಳಿಯಲಿಲ್ಲ, ಒಂದರಲ್ಲಿ ತಾಯಿ ಉಳಿಯಲಿಲ್ಲ. ಯಾರನ್ನಾದರೂ ಕಳಿಸಿ ಹೆರಿಗೆ ಮಾಡಿಸುವುದು ಕಲಿಸಬೇಕು ಎಂದು ಊರು ತೀರ್ಮಾನಿಸಿದಾಗ, ಓದು ಬಲ್ಲ, ಗಟ್ಟಿ ಕೈಯ ಹೆಂಗಸು ಎಂದು ಎಲ್ಲರ ಕಣ್ಣು ಬಿದ್ದದ್ದು ತಮ್ಮನ ಹೆಂಡತಿ ಜಲಜಾಕ್ಷಿಯ ಮೇಲೆ. ಎರಡು ವರ್ಷದ ತರಬೇತಿ. ಊರು ದೂರ, ನಡುವೆ ರಜೆಯಿಲ್ಲ. ಮಗಳನ್ನು ಜೊತೆಗೆ ಕರೆದೊಯ್ಯೋಣವೆಂದರೆ ಹೊರಗಿನ ಗಾಡಿಗಳಲ್ಲಿ ಹಿಮ್ಮುಖದ ಸೀಟು ಎಲ್ಲಿಂದ ಬರಬೇಕು? ಆ ಊರು ಮುಟ್ಟುವಷ್ಟರಲ್ಲಿ ಮಗಳು ತಾಯಿಯ ಪಕ್ಕದಲ್ಲೇ ಬಾಲ್ಯ ಮುಗಿಸಿಬಿಡುತ್ತಿದ್ದಳು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ತಾರಿಣಿ ಅತ್ತದ್ದು ಅಷ್ಟಿಷ್ಟಲ್ಲ. ಜಲಜ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೆರಗಿನಿಂದ ಮೂಗು ಒರೆಸಿ, "ಅಳಬಾರ್ದು ಕಂದ. ನಿಂಗೆ ಏಳು ತುಂಬೋ ಹೊತ್ತಿಗೆ ಬಂದ್ಬಿಡ್ತೀನಿ" ಎಂದಳು.

"ತುಂಬಿದ ತಕ್ಷಣ ಬರ್ತೀಯಾ?"

"ತಕ್ಷಣ ಬರ್ತೀನಿ. ನೀನು ಏಳು ತುಂಬಿಸ್ಕೊಂಡು ಇಲ್ಲೇ ನಿಂತಿರು, ನಾನು ಇದೇ ಬಸ್ಸಿಂದ ಇಳೀತೀನಿ."

ಆಮೇಲೆ ಎದ್ದು ನಿಂತು ನನ್ನ ಕಡೆ ತಿರುಗಿದಳು. "ಅಕ್ಕ, ಎರಡು ವರ್ಷ ನಾನಾಗೇ ಕಳ್ಕೊಳ್ತಾ ಇದೀನಿ. ಅದರ ಮೇಲೆ ಒಂದು ದಿನಾನೂ ಹೆಚ್ಚಿಗೆ ಹೋಗ್ಬಾರ್ದು. ಪಟ್ಟಿ ಸರಿಯಾಗಿ ನೋಡ್ಕೊಳ್ಳಿ." ನಾನು ಹೂಂ ಎಂದೆ.

ಪಟ್ಟಿ ನಾನು ಸರಿಯಾಗಿಯೇ ನೋಡಿಕೊಂಡೆ. ತಮ್ಮನಂತೂ ಊರಿನಲ್ಲಿ ಎಲ್ಲರಿಗಿಂತ ಬಿಗಿ. ಬೇರೆಯವರ ಮಕ್ಕಳದ್ದನ್ನು ಒಂದು ಸಲ ಎಳೆದು ನೋಡಿದರೆ ಮಗಳ ಪಟ್ಟಿಯನ್ನು ಎರಡು ಸಲ ಎಳೆದು ನೋಡುತ್ತಿದ್ದ. ಹಬ್ಬಕ್ಕೆ ನೆಂಟರ ಊರಿಗೆ ಹೋಗುವುದನ್ನೂ ಬಿಟ್ಟ. ಭಾನುವಾರಗಳಲ್ಲಿ ಔಷಧಿ ಅಂಗಡಿಗೆ ಜಲಜಳ ಫೋನು ಬರುತ್ತಿತ್ತು. ತಾರಿಣಿಯನ್ನು ಮರದ ಸ್ಟೂಲಿನ ಮೇಲೆ ಹತ್ತಿಸಿ ರಿಸೀವರ್ ಕೊಟ್ಟರೆ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಏಳು ತುಂಬಕ್ಕೆ ಇನ್ನೆಷ್ಟು ದಿನ?" ಊಟ ಮಾಡದಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಉಂಡರೆ ಏಳು ಬೇಗ ತುಂಬುತ್ತೆ. ಎಣ್ಣೆ ಸ್ನಾನ ಮಾಡಿದರೆ ಏಳು ಬೇಗ ತುಂಬುತ್ತೆ. ಮಗ್ಗಿ ಕಲಿತರೆ ಏಳು ಬೇಗ ತುಂಬುತ್ತೆ. ಅಂಗಡಿಯವನು, ಟೀಚರು, ಪಕ್ಕದ ಮನೆಯವಳು, ಎಲ್ಲರ ಬಾಯಲ್ಲೂ ಅದೇ. ಮಗುವಿಗೆ ಸಮಾಧಾನವಾಗುತ್ತಿತ್ತು, ನಮ್ಮ ಕೆಲಸ ಆಗುತ್ತಿತ್ತು. ಅವಳ ತಲೆಯಲ್ಲಿ ಏಳು ಎನ್ನುವುದು ಒಂದು ವಯಸ್ಸಾಗಿ ಉಳಿದಿರಲಿಲ್ಲ, ಅದು ತಾಯಿ ನಿಂತಿರುವ ಜಾಗವಾಗಿತ್ತು.

ಏಳಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಜಲಜ ಫೋನು ಮಾಡಿ, ಪರೀಕ್ಷೆ ಮುಂದಕ್ಕೆ ಹೋಗಿದೆ, ಬರುವುದು ಎರಡು ಮೂರು ತಿಂಗಳು ತಡವಾಗುತ್ತದೆ ಎಂದಳು. ತಮ್ಮ ಅದನ್ನು ಮಗಳಿಗೆ ಹೇಳಬೇಕಲ್ಲ. ಬಾಯಿ ಬರಲಿಲ್ಲ. "ಅಮ್ಮ ಬರ್ತಾಳೆ ಪುಟ್ಟಿ. ಇನ್ನೂ ಏಳು ತುಂಬಿಲ್ವಲ್ಲ, ಅದಕ್ಕೇ ಬಂದಿಲ್ಲ. ತುಂಬೋದು ಸ್ವಲ್ಪ ತಡ ಆಗ್ತಾ ಇದೆ ಅಷ್ಟೆ" ಎಂದ. ತಾರಿಣಿ ಯಾವ ಗಲಾಟೆಯನ್ನೂ ಮಾಡಲಿಲ್ಲ. ಸುಮ್ಮನೆ ತಟ್ಟೆ ತೊಳೆದಿಟ್ಟು ಹೋಗಿ ಮಲಗಿದಳು. ದೊಡ್ಡವಳಾಗಿಬಿಟ್ಟಳು ನೋಡು, ಎಂದು ತಮ್ಮ ನನ್ನ ಹತ್ತಿರ ಹೆಮ್ಮೆಪಟ್ಟ.

ಆ ವಾರವೇ ಊರಿಗೆ ಮೊಟ್ಟೆಯ ಟೆಂಪೊ ಓಡಿಸಲು ಹೊಸಬ ಬಂದಿದ್ದ. ಬೋರಲಿಂಗ ಅಂತ, ದೂರದ ಊರಿನವನು, ನಮ್ಮ ನಿಯಮ ಅವನಿಗೆ ಯಾರೂ ಹೇಳಿರಲಿಲ್ಲ. ನಮಗೆ ಅದು ಉಸಿರಾಡಿದಷ್ಟೇ ಮಾಮೂಲು, ಹೇಳಬೇಕು ಎಂದು ಯಾರಿಗೆ ಹೊಳೆಯಬೇಕು? ನಮ್ಮ ಬೀದಿಯ ಅಂಗಡಿಯಲ್ಲಿ ಮೊಟ್ಟೆ ಇಳಿಸಿ ಅವನು ಖಾಲಿ ಟ್ರೇಗಳನ್ನು ಕಟ್ಟುತ್ತಿದ್ದಾಗ ತಾರಿಣಿ ಹೋಗಿ, ಸೇತುವೆ ತನಕ ಮುಂದೆ ಕೂರಿಸಿಕೊಂಡು ಹೋಗುತ್ತೀರಾ ಎಂದು ಕೇಳಿದಳಂತೆ. ಮನೆಯಲ್ಲಿ ಹೇಳಿದ್ದೀಯಾ ಎಂದು ಅವನು ಕೇಳಿದ. ಹೂಂ ಎಂದಳು. ಅವನಿಗೂ ಮನೆಯಲ್ಲಿ ಅಷ್ಟೇ ವಯಸ್ಸಿನ ಮಗಳಿದ್ದಳು, ದಿನಾ ಟೆಂಪೊದಲ್ಲಿ ಮುಂದೆಯೇ ಕೂರುತ್ತಿದ್ದಳು. ಹತ್ತಿಸಿಕೊಂಡ. ಮೊಟ್ಟೆ ತುಂಬಿದ್ದರೆ ನಿಧಾನ ಹೋಗುತ್ತಿದ್ದನೇನೋ. ಟ್ರೇ ಖಾಲಿಯಿತ್ತು, ಮಗು ಬೇರೆ "ಜೋರಾಗಿ, ಇನ್ನೂ ಜೋರಾಗಿ" ಎನ್ನುತ್ತಿತ್ತು.

ಆಮೇಲೆ ವ್ಯಾನಿನ ಮಕ್ಕಳಿಂದ ಗೊತ್ತಾಯಿತು. ಒಂದು ಚೂರು ವಯಸ್ಸು ಬರಬೇಕಾದರೆ ಎಷ್ಟು ದೂರ ಹೋಗಬೇಕು ಎಂದು ಅವಳು ಅವರನ್ನು ಕೇಳಿದ್ದಳು. ಯಾರೋ ಸೇತುವೆ ತನಕ ಎಂದಿದ್ದರು. ಮಾರುಕಟ್ಟೆಯ ತಿರುವಿನ ತನಕ ಹೋಗಿದ್ದರೆ ಧಾರಾಳ ಸಾಕಾಗುತ್ತಿತ್ತು. ಆದರೆ ಎದುರಿನ ದಾರಿಯನ್ನೇ ಕಾಣದ ಮಕ್ಕಳಿಗೆ ದೂರದ ಅಂದಾಜು ಹೇಗೆ ಬರಬೇಕು?

ನಾನು ಆಗ ಹಿತ್ತಲಲ್ಲಿ ವ್ಯಾನಿನ ಪಟ್ಟಿಗಳನ್ನು ಒಗೆಯುತ್ತಿದ್ದೆ. ಮಕ್ಕಳ ವಾಂತಿ, ಬೆವರು, ಬಾಳೆಹಣ್ಣು ಎಲ್ಲ ಮೆತ್ತಿರುತ್ತದೆ, ವಾರಕ್ಕೊಮ್ಮೆ ಸೋಪು ಹಾಕಿ ತಿಕ್ಕಲೇಬೇಕು. ಹರಡಲು ಮುಂದಿನ ಅಂಗಳಕ್ಕೆ ಬಂದಾಗ, ಬೀದಿಯ ಆ ತುದಿಯಿಂದ ಒಬ್ಬ ಗಂಡಸು ಒಬ್ಬ ಹುಡುಗಿಯನ್ನು ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದ. ಹುಡುಗಿ ಅವನ ದೊಡ್ಡ ಟವೆಲ್ ಹೊದ್ದಿದ್ದಳು. ಯಾರ ಮನೆಯ ನೆಂಟರೋ ಎಂದುಕೊಂಡೆ. ಹತ್ತಿರ ಬಂದರು. ಟವೆಲಿನ ಕೆಳಗೆ ತಾರಿಣಿಯ ಹಳದಿ ಫ್ರಾಕು ಬಿರಿದು ಹೋಗಿತ್ತು. ಉದ್ದ ಮುಖ, ಉದ್ದ ಕೈ, ಬಾಯಿ ತುಂಬ ದೊಡ್ಡ ಹಲ್ಲು. ಹನ್ನೊಂದರ ಹುಡುಗಿ. ಕುಂಟುತ್ತಿದ್ದಳು, ಕಾಲ್ಗೆಜ್ಜೆ ಮಾಂಸದೊಳಗೆ ಹೂತು ಹೋಗಿತ್ತು.

"ಅಮ್ಮಾ, ನಂಗೊತ್ತಿರ್ಲಿಲ್ಲ" ಎಂದ ಬೋರಲಿಂಗ. "ಸೇತುವೆ ಹತ್ರ ನಿಲ್ಸಿ ಪಕ್ಕಕ್ಕೆ ನೋಡ್ತೀನಿ, ಬೇರೆ ಯಾರೋ ಕೂತವ್ರೆ. ಮತ್ತೆ ಗಾಡಿ ಹತ್ಸೋಕೆ ಧೈರ್ಯ ಬರ್ಲಿಲ್ಲ. ನಡ್ಸ್ಕೊಂಡೇ ಬಂದೆ." ಟೆಂಪೊವನ್ನು ಅಲ್ಲೇ ಬಿಟ್ಟು ಅಷ್ಟು ದೂರ ನಡೆದು ಬಂದಿದ್ದ. ಅವನನ್ನು ಬೈಯಲು ನನ್ನಿಂದ ಆಗಲಿಲ್ಲ. ಬೈಗುಳಕ್ಕೆ ನನ್ನ ಹತ್ತಿರ ಬರವಿಲ್ಲ, ಊರಿಗೇ ಗೊತ್ತು. ಆದರೂ ಆಗಲಿಲ್ಲ.

ತಾರಿಣಿ ಮಾತ್ರ ನಗುತ್ತಿದ್ದಳು. "ಸಾಕತ್ತೆ, ಏಳು ತುಂಬ್ತು!" ಎಂದಳು. ಧ್ವನಿ ಕೇಳಿ ತನಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, ಮೆಲ್ಲಗೆ, "ಈಗ ಬಸ್ ಸ್ಟ್ಯಾಂಡಿಗೆ ಹೋಗಣ" ಎಂದಳು.

ಗೆಜ್ಜೆಯನ್ನು ಅಕ್ಕಸಾಲಿಯನ್ನು ಕರೆಸಿ ಕತ್ತರಿಸಬೇಕಾಯಿತು. ತಮ್ಮ ಬಂದವನು ಬಾಗಿಲಲ್ಲೇ ನಿಂತ. ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ಮಗಳು ಎದ್ದು ಹೋಗಿ ಅಪ್ಪನ ಸೊಂಟ ತಬ್ಬಿಕೊಳ್ಳಲು ಹೊರಟರೆ ಅವಳ ತಲೆ ಅವನ ಎದೆಗೆ ಬಡಿಯಿತು. ಅವನು ಅಳಲು ಶುರು ಮಾಡಿದಾಗ ಅವಳಿಗೆ ಅರ್ಥವಾಗಲಿಲ್ಲ. ಒಳ್ಳೆಯ ಕೆಲಸ ಮಾಡಿಯೂ ಬೈಸಿಕೊಳ್ಳುವ ಮಗುವಿನ ಮುಖ ಮಾಡಿಕೊಂಡು ನನ್ನ ಕಡೆ ನೋಡಿದಳು.

ಜಲಜಳಿಗೆ ಹೇಳಬೇಕೋ ಬೇಡವೋ ಎಂದು ನನಗೂ ತಮ್ಮನಿಗೂ ವಾದವಾಯಿತು. ಹೇಳಿಬಿಡು, ತಾಯಿಯಿಂದ ಮುಚ್ಚಿಡಬಾರದು ಎಂದೆ ನಾನು. "ಹೇಳಿದ್ರೆ ಪರೀಕ್ಷೆ ಬಿಟ್ಟು ಓಡಿ ಬರ್ತಾಳೆ ಅಕ್ಕ. ಬಂದು ಏನು ಮಾಡ್ತಾಳೆ? ಹೋಗಿದ್ದು ವಾಪಸ್ ಬರುತ್ತಾ? ಎರಡು ವರ್ಷ ಪಟ್ಟ ಪಾಡೂ ನೀರಿಗೆ ಹೋಗುತ್ತೆ. ಇಲ್ಲಿ ಐದು ಜನ ಬಸುರಿಯರು ದಾರಿ ಕಾಯ್ತಾ ಇದಾರೆ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಪರೀಕ್ಷೆ ಮುಗಿಯಲಿ, ಎದುರಿಗೇ ಹೇಳೋಣ ಎಂದಾಯಿತು. ಹೇಗಾಯಿತು ಎಂದು ಕೇಳಿದರೆ ಪಟ್ಟಿ ಕಿತ್ತುಹೋಯಿತು ಎನ್ನುವುದು. ಜಲಜ ಆಡಿದ ಮಾತಿನಿಂದಲೇ ಆಯಿತು ಎಂದು ಅವಳಿಗೆ ಗೊತ್ತಾಗಬಾರದು. ತಪ್ಪು ನನ್ನ ಮೇಲೆ ಬಂದರೂ ಚಿಂತೆಯಿಲ್ಲ ಎಂದು ನಾನೇ ಹೇಳಿದೆ. ತಾಯಿಯ ತಲೆಯ ಮೇಲೆ ಆ ಭಾರ ಹೊರಿಸಲು ನಮಗಿಬ್ಬರಿಗೂ ಮನಸ್ಸಿರಲಿಲ್ಲ.

ಆದರೆ ತಮ್ಮ ಸುಮ್ಮನೆ ಕೂರಲಿಲ್ಲ. ಹಿಮ್ಮುಖ ಕೂತರೆ ಹೊಸ ವಯಸ್ಸು ಬರುವುದಿಲ್ಲ ನಿಜ, ಬಂದ ವಯಸ್ಸು ಹೋದದ್ದನ್ನು ಯಾರೂ ಕಂಡಿಲ್ಲ. ಅದು ಅವನಿಗೂ ಗೊತ್ತು. ಆದರೂ ಸಂಜೆ ಶಾಲೆಯ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ತಾರಿಣಿಯನ್ನು ಮುಂದಿನ ಸೀಟಿನಲ್ಲಿ, ಎದುರಿನ ಗಾಜಿನಲ್ಲಿ ರಸ್ತೆ ದೂರ ಸರಿಯುವುದು ಕಾಣುವಂತೆ ಕೂರಿಸಿ, ಪಟ್ಟಿ ಬಿಗಿಯಲು ನನ್ನನ್ನು ಕರೆದು, ವ್ಯಾನನ್ನು ರಿವರ್ಸ್ ಗೇರಿನಲ್ಲಿ ಓಡಿಸುತ್ತಿದ್ದ. ಮನೆಯಿಂದ ಸೇತುವೆಯ ತನಕ ಹಿಂದಕ್ಕೆ. ಸೇತುವೆಯಿಂದ ಮನೆಯ ತನಕ ಮತ್ತೆ ಹಿಂದಕ್ಕೆ. ಕತ್ತು ಹೊರಳಿಸಿ ಹೊರಳಿಸಿ ಅವನಿಗೆ ನೆಟ್ಟಗೆ ನೋಡಲು ಬಾರದಂತಾಯಿತು. ಊರಿನವರು ಗಾಡಿಗಳನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಪದ್ಮನಾಭಯ್ಯನ ಮಗನನ್ನು ನೋಡಿ ನಕ್ಕವರೇ ಅವರು, ಈಗ ಯಾರೂ ನಗಲಿಲ್ಲ. ಪದ್ಮನಾಭಯ್ಯ ಒಂದು ಸಂಜೆ ಸ್ಕೂಟರ್ ನಿಲ್ಲಿಸಿ ಬಂದು, "ಆಗಲ್ಲ ತಿಮ್ಮರಾಜು. ನಾನೂ ಮಾಡಿ ನೋಡಿದೀನಿ" ಎಂದಷ್ಟೇ ಹೇಳಿ ಹೋದ. ತಮ್ಮ ಕೇಳಲಿಲ್ಲ. ಕೊನೆಗೆ ಒಂದು ದಿನ ತಾರಿಣಿಯೇ, "ಅಪ್ಪ, ಸಾಕು. ನಂಗೆ ತಲೆ ಸುತ್ತುತ್ತೆ. ಹಿಂಗೆ ಹೋಗಿ ಏಳು ಕಮ್ಮಿಯಾಗ್ಬಿಟ್ರೆ ಅಮ್ಮ ಬರಲ್ಲ" ಎಂದಳು. ಅವನು ವ್ಯಾನು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಊರಿದ. ನಾನು ಪಟ್ಟಿ ಬಿಚ್ಚಿದೆ.

ಅವಳಂತೂ ದಿನಾ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದಳು. ಏಳು ತುಂಬಿದ್ದು ಅಮ್ಮನಿಗೆ ಗೊತ್ತಾಗಿಲ್ಲವೇನೋ ಎಂದು ಒಂದು ಭಾನುವಾರ ಫೋನಿನಲ್ಲಿ ಹೇಳಿಯೂ ಬಿಟ್ಟಳು. ಬದಲಾದ ಧ್ವನಿಗೆ ನೆಗಡಿ ಎಂದು ತಮ್ಮ ಮೊದಲೇ ಹೇಳಿಟ್ಟಿದ್ದ. ಮಗಳ ಮಾತಿಗೆ ಜಲಜ ಆ ಕಡೆಯಿಂದ, ಹೌದು ಬಂಗಾರ, ನನಗೆ ಲೆಕ್ಕ ಇದೆ, ಹುಟ್ಟಿದ ಹಬ್ಬಕ್ಕೆ ಬರಲಾಗಲಿಲ್ಲ ಎಂದು ಅತ್ತಳು. ಅಷ್ಟು ಹೊತ್ತಿಗೆ ನಿಜವಾದ ಏಳೂ ತುಂಬಿತ್ತು. ಆ ದಿನ ನಾವು ಪಾಯಸ ಮಾಡಿದ್ದೆವು, ಅದು ಬಟ್ಟಲುಗಳಲ್ಲೇ ಉಳಿಯಿತು. ನಿಧಾನವಾಗಿ ಅವಳಿಗೂ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಗೊತ್ತಾಗತೊಡಗಿತು. ಓರಗೆಯ ಮಕ್ಕಳು ಕುಂಟೆಬಿಲ್ಲೆಗೆ ಸೇರಿಸಲಿಲ್ಲ, ದೊಡ್ಡ ಹುಡುಗಿಯರ ಮಾತು ಇವಳಿಗೆ ತಿಳಿಯಲಿಲ್ಲ. ಕನ್ನಡಿಯ ಮುಂದೆ ನಿಂತು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಇವೆಲ್ಲ ಯಾವಾಗ ಬಿದ್ದು ಯಾವಾಗ ಬಂದ್ವು ಸಾಕತ್ತೆ?" ಎಂದು ಕೇಳಿದಳು. ನಾನು ಒಲೆ ಊದುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಜಲಜ ಬಂದದ್ದು ಬಿಸಿಲು ಇಳಿಯುವ ಹೊತ್ತಿನ ಬಸ್ಸಿಗೆ. ನಾವು ಮೂವರೂ ಹೋಗಿದ್ದೆವು. ತಮ್ಮ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಅವಳು ಟ್ರಂಕು ಹಿಡಿದು ಇಳಿದಳು. ಸೊರಗಿದ್ದಳು, ಕನ್ನಡಕ ಬಂದಿತ್ತು. ನಮ್ಮನ್ನು ನೋಡಿ ಮುಖ ಅರಳಿತು. ತಕ್ಷಣ ಅವಳ ಕಣ್ಣು ನಮ್ಮ ಮೊಣಕಾಲುಗಳ ಹತ್ತಿರ, ಸೆರಗಿನ ಮರೆಯಲ್ಲಿ, ವ್ಯಾನಿನ ಕಿಟಕಿಯಲ್ಲಿ ಹುಡುಕಿತು. ನನ್ನ ಪಕ್ಕ ನಿಂತ ಹುಡುಗಿಯ ಮೇಲೆ ಒಂದು ಸಲ ಹಾದು ಮುಂದೆ ಹೋಯಿತು.

"ಎಲ್ಲಿ ತಾರಿ? ಬಚ್ಚಿಟ್ಕೊಂಡಿದಾಳಾ?" ಎಂದಳು.

ತಮ್ಮ, "ಜಲಜಾ, ಪಟ್ಟಿ..." ಎಂದ. ಅಷ್ಟಕ್ಕೇ ನಿಂತ.

"ಅಮ್ಮ, ನಾನೇ" ಎಂದಳು ತಾರಿಣಿ. "ಏಳು ತುಂಬಿದ ತಕ್ಷಣ ಬರ್ತೀನಿ ಅಂದಿದ್ಯಲ್ಲ. ಅದಕ್ಕೇ ಬೇಗ ತುಂಬಿಸ್ಕೊಂಡೆ. ಮೊಟ್ಟೆ ಗಾಡಿ ಮುಂದ್ಗಡೆ ಕೂತು." ತಾಯಿಯ ಮುಖವನ್ನು ನೋಡುತ್ತ ನೋಡುತ್ತ ಅವಳ ಧ್ವನಿ ಇಳಿಯಿತು. "ಸ್ವಲ್ಪ ಜಾಸ್ತಿ ಆಗೋಯ್ತು."

ಟ್ರಂಕು ಕೆಳಗೆ ಬಿದ್ದ ಸದ್ದಿಗೆ ಜನ ತಿರುಗಿ ನೋಡಿದರು. ಜಲಜ ಅಳಲಿಲ್ಲ. ಹತ್ತಿರ ಹೋಗಿ ಮಗಳ ಕೆನ್ನೆ, ಕಿವಿ, ಕುತ್ತಿಗೆ ಮುಟ್ಟಿದಳು. ಕಿವಿಯ ಹಿಂದಿನ ಮಚ್ಚೆ ಸಿಕ್ಕಿದಾಗ ಬೆರಳು ಅಲ್ಲೇ ನಿಂತಿತು. "ನಾನೇ ಹೇಳಿದ್ದೆ" ಎಂದಳು, ಯಾರಿಗೆ ಎಂದು ತಿಳಿಯಲಿಲ್ಲ. ನಾನು ಅವಳ ತೋಳು ಹಿಡಿದು, "ಊರೆಲ್ಲ ಹೇಳಿತ್ತು ಕಣೇ, ನೀನೊಬ್ಬಳೇ ಅಲ್ಲ. ನಾವೆಲ್ಲ ದಿನಾ ಹೇಳ್ತಿದ್ವಿ" ಎಂದೆ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ. ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಅಮ್ಮ, ಬೈತೀಯಾ?" ಎಂದಳು ತಾರಿಣಿ.

"ಇಲ್ಲ. ಬಾ, ಎತ್ಕೋತೀನಿ."

"ನಾನು ಭಾರ ಇದೀನಿ."

"ಬಾ" ಎಂದು ಜಲಜ ಬಗ್ಗಿ, ಎರಡೂ ಕೈಯಿಂದ ಬಾಚಿ ಎತ್ತಿದಳು. ಎತ್ತಿ ಸೊಂಟಕ್ಕೆ ತಂದುಕೊಂಡಳು. ಹುಡುಗಿಯ ಕಾಲುಗಳು ತಾಯಿಯ ಮೊಣಕಾಲಿಗಿಂತ ಕೆಳಗೆ ಜೋತುಬಿದ್ದವು. ತಮ್ಮ ವ್ಯಾನಿನ ಬಾಗಿಲು ತೆರೆದ. ಅವಳು ಬೇಡ ಎಂದು ತಲೆಯಾಡಿಸಿ ನಡೆಯತೊಡಗಿದಳು. ನಾವು ಟ್ರಂಕು ಹಿಡಿದು ಹಿಂದೆ ನಡೆದೆವು. ಔಷಧಿ ಅಂಗಡಿ ದಾಟುವಷ್ಟರಲ್ಲಿ ಅವಳಿಗೆ ಏದುಸಿರು ಬರುತ್ತಿತ್ತು, ಮಗಳು ಜಾರಿ ಜಾರಿ ಕಾಲ್ಬೆರಳ ತುದಿ ನೆಲಕ್ಕೆ ತಾಗುತ್ತಿತ್ತು. ತಾಗಿದಾಗಲೆಲ್ಲ ಹುಡುಗಿ ಕಾಲು ಮಡಚಿಕೊಳ್ಳುತ್ತಿದ್ದಳು, ತಾನು ಚಿಕ್ಕವಳಾಗಿ ಕಾಣಲಿ ಎಂದು. "ಇಳಿಸು ಅಮ್ಮ, ನಡೀತೀನಿ" ಎಂದಳು ಕೊನೆಗೆ. "ಇನ್ನು ಸ್ವಲ್ಪ ದೂರ" ಎಂದಳು ಜಲಜ. ಮನೆ ಇನ್ನೂ ಮೂರು ಬೀದಿ ಆಚೆಗಿತ್ತು.